ಹೊದಿಕೆಯ ಸಾಮಾನು ಹೆಚ್ಚಾಗಿ ಒಳಸಾಗಣೆ ಕೆಟ್ಟಿರುವ ಬಗ್ಗೆ

ಇಂದ:
ಮೋಟಾರಿಗೆ ತಂತಿ ಸುತ್ತುವವರ ಹಿರಿಮಗಳು,
ಕಿಟಕಿ ಪಕ್ಕದ ಕುರ್ಚಿ, ತಂತಿ ಮೇಜು,
ಅಪ್ಪನ ಮೋಟಾರು ರಿಪೇರಿ ಅಂಗಡಿ.

ಗೆ:
ಮಾನ್ಯ ಆದೇಶ ಜಾರಿ ಅಧಿಕಾರಿಗಳು,
ಹದಿನೇಳನೆಯ ವರ್ಣತಂತು,
ನರಕ್ಕೆ ಹೊದಿಕೆ ಸುತ್ತುವ ಜೀವಕೋಶ,
ನನ್ನ ಎಡಗಾಲು.
(ಪ್ರತಿ: ಬಲಗಾಲು ಮತ್ತು ಕೈಬೆರಳುಗಳ ಶಾಖೆ)

ವಿಷಯ: ಮೈಲಿನ್ ಹೊದಿಕೆಯ ಪ್ರೋಟೀನು ಬೇಡಿಕೆಗಿಂತ ಹೆಚ್ಚು ತಯಾರಾಗಿ ಕೋಶದೊಳಗಿನ ಸಾಗಣೆ ಕೆಟ್ಟಿರುವ ಬಗ್ಗೆ, ಹಾಗೂ ಅಪ್ಪನ ಬಗ್ಗೆ.

ಉಲ್ಲೇಖ: ೧) ನರವೈದ್ಯರು ಹೇಳಿದ್ದು. ೨) ಅಪ್ಪ ಬೀದಿಗೆಲ್ಲ ಹೇಳಿದ್ದು. (ಎರಡಕ್ಕೂ ತಾಳೆಯಿಲ್ಲ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕುಣಿಯುತ್ತ ಅರಿಕೆ ಮಾಡಿಕೊಳ್ಳುವುದೇನೆಂದರೆ (ಕುಣಿಯುವುದು ಮನಸ್ಸು ಮಾತ್ರ, ಕಾಲಿನ ಸ್ಥಿತಿ ತಮಗೆ ಗೊತ್ತೇ ಇದೆ):

೧. ಚಿಕ್ಕಂದಿನಿಂದಲೂ ಸಮತಟ್ಟು ನೆಲದಲ್ಲಿ ಎಡವುವುದೇ ನನ್ನ ಖ್ಯಾತಿ. ಮನೆಯಲ್ಲಿ ನನ್ನನ್ನು ಕರೆಯುವುದೇ 'ಧಡಾರ್' ಎಂದು. ಎಲ್ಲರೂ ಅಜಾಗ್ರತೆ ಅಂದರು. ಕಳೆದ ವಾರ ನರವೈದ್ಯರು ಅದು ಅಜಾಗ್ರತೆಯಲ್ಲ, ತಮ್ಮ ಕಚೇರಿಯ ಕೆಲಸ ಎಂದರು. ಆ ಸಂತೋಷದ ಕಾರಣ ಆಸ್ಪತ್ರೆಯ ಮೆಟ್ಟಿಲಲ್ಲೇ ಮತ್ತೊಮ್ಮೆ ಬಿದ್ದೆ.

೨. ಸದರಿ ಪ್ರೋಟೀನಿನ ಆದೇಶ (ವೈದ್ಯರ ಭಾಷೆಯಲ್ಲಿ ಜೀನ್) ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಹೀಗೆ ಎರಡು ಪ್ರತಿ ಇರಬೇಕು. ತಮ್ಮಲ್ಲಿ ಮೂರಿವೆ. ಆದ್ದರಿಂದ ತಾವು ಮೂರನ್ನೂ ಜಾರಿಗೊಳಿಸಿದ್ದೀರಿ. ತಮ್ಮ ಶ್ರದ್ಧೆಗೆ ನಮಸ್ಕಾರ.

೩. ಫೋನಿನಲ್ಲಿ ನಾನು ಇಷ್ಟು ಹೇಳುವಷ್ಟರಲ್ಲೇ ಅಪ್ಪ ಹಿಗ್ಗಿ ಹೀರೇಕಾಯಿಯಾದರು. ನಮ್ಮ ಕಸುಬಿನಲ್ಲಿ ತಾಮ್ರದ ತಂತಿಗೆ ವಾರ್ನಿಷು ಒಂದು ಪದರ ಹೆಚ್ಚು ಬಿದ್ದರೆ ಮೋಟಾರಿಗೆ ಆಯಸ್ಸು ಹೆಚ್ಚು. ಆದಕಾರಣ ಅವರು ಬೀಗ ರಿಪೇರಿಯವನಿಂದ ಹಿಡಿದು ಕ್ಷೌರಿಕನವರೆಗೆ ಎಲ್ಲರಿಗೂ ಟೀ ಕುಡಿಸಿ, "ನನ್ನ ಮಗಳಿಗೆ ಡಬಲ್ ಕೋಟಿಂಗು, ಸುಡೋ ಮಾತೇ ಇಲ್ಲ" ಎಂದು ಸಾರಿಬಿಟ್ಟರು.

೪. ಮರುದಿನ ಅಪ್ಪ, ಅಮ್ಮ ಇಬ್ಬರೂ ಬಂದಾಗ ವೈದ್ಯರು ಹೇಳಿದ್ದು: "ಹೊದಿಕೆ ಜಾಸ್ತಿಯಾಗಿಲ್ಲ ಯಜಮಾನ್ರೇ, ಹೊದಿಕೆಯ ಸಾಮಾನು ಜಾಸ್ತಿಯಾಗಿದೆ. ಕೋಶದ ಹೊರಪೊರೆಯಿಂದ ಪುಟ್ಟ ಚೀಲಗಳು ಒಳಗೆ ಬರ್ತಾ ಇರ್ತವೆ. ಆಮೇಲೆ ವಾಪಸ್ ಹೋಗಿ ಪೊರೆಗೆ ಸೇರ್ಕೋಬೇಕು. ಈ ಪ್ರೋಟೀನು ಮಿತಿಮೀರಿದ್ರೆ ಬಂದವು ಹೋಗೋದಿಲ್ಲ. ಒಳಗೇ ಊದ್ಕೊಂಡು ಗುಡ್ಡೆ ಬೀಳ್ತವೆ."

"ನಿಮ್ಮ ತಮ್ಮ ನಮ್ಮನೆಗೆ ಬಂದ ಹಾಗೆ," ಎಂದು ಅಮ್ಮ ಅಪ್ಪನಿಗೆ ಬಿಡಿಸಿ ಹೇಳಿದರು. ಇಷ್ಟು ಒಳ್ಳೆಯ ವಿವರಣೆ ವೈದ್ಯಕೀಯ ಪುಸ್ತಕದಲ್ಲೂ ಇಲ್ಲ ಎಂದರು ವೈದ್ಯರು.

೫. ಹೀಗೆ ಒಳಗಿನ ದಾರಿ ಕಟ್ಟಿದ ಕಾರಣ ಹೊದಿಕೆ ಸರಿಯಾಗಿ ಸುತ್ತಿಕೊಳ್ಳದೆ, ಸುತ್ತಿಕೊಳ್ಳದ ಕಾರಣ ಮಿದುಳಿನ ಆಜ್ಞೆ ಕಾಲಿಗೆ ತಡವಾಗಿ ತಲುಪಿ, ಅದು ತಲುಪುವಷ್ಟರಲ್ಲಿ ನಾನು ನೆಲಕ್ಕೆ ತಲುಪಿರುತ್ತೇನೆ. ಇದಕ್ಕೆ ನನ್ನ ತಕರಾರಿಲ್ಲ. ಬೆರಳು ಜೋಮು ಹಿಡಿದರೂ ಕಣ್ಣಳತೆಯಲ್ಲೇ ತಂತಿ ಸುತ್ತುವುದನ್ನು ಕಲಿತಿದ್ದೇನೆ.

೬. ತಕರಾರಿರುವುದು ಮುಂದಿನದಕ್ಕೆ. "ಇದು ಯಾರ ಕಡೆಯಿಂದ ಬಂತು ನೋಡ್ಬೇಕು," ಎಂದರು ವೈದ್ಯರು. ಅಪ್ಪ ಚಪ್ಪಲಿ ಬಿಟ್ಟು ಪಾದ ತೋರಿಸಿದರು. ಕಮಾನಿನ ಹಾಗೆ ಬಾಗಿದ ಪಾದ, ಮಡಿಚಿಕೊಂಡ ಬೆರಳು, ಥೇಟ್ ನನ್ನದೇ. ಕೈಯಲ್ಲಿ ಬೆಸುಗೆ ಕಡ್ಡಿ ಸುಟ್ಟ ಕಲೆಗಳಿದ್ದವು. ಸುಟ್ಟಾಗ ಅವರಿಗೆ ಗೊತ್ತೇ ಆಗುತ್ತಿರಲಿಲ್ಲವಂತೆ.

"ನಮ್ಮ ಅಂಗಡಿ ಮಾಲೇ ಡಾಕ್ಟ್ರೇ," ಎಂದರು ಅಪ್ಪ. "ವಾಪಸ್ ತಗೊಳ್ಳೋಕಾಗುತ್ತಾ?"

ಆಗುವುದಿಲ್ಲ ಎಂದು ತಿಳಿದ ಮೇಲೆ ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿಲ್ಲ. ಹಿಂದಿನ ಕೋಣೆಯಲ್ಲಿ ಹಳೇ ಮೋಟಾರು ಬಿಚ್ಚುತ್ತಾರೆ, ನಾನು ಹೋದರೆ ತಲೆ ತಗ್ಗಿಸುತ್ತಾರೆ. ನನಗೆ ಅಳು ಬರುತ್ತದೆ, ಮಾನ್ಯರೇ. ಬಿದ್ದಾಗ ಎಂದೂ ಬಂದಿರಲಿಲ್ಲ.

ಆದ್ದರಿಂದ ಪ್ರಾರ್ಥನೆ ಏನೆಂದರೆ, ಮೂರನೆಯ ಪ್ರತಿಯನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿದ್ದರೆ ಹಿಂಪಡೆಯುವುದು. ಇಲ್ಲದಿದ್ದರೆ ಇರಲಿ, ಅದರ ಜೊತೆ ನಾನು ಹೇಗೋ ಏಗುತ್ತೇನೆ. ಆದರೆ ಸದರಿ ಪ್ರತಿಯು ಅಪ್ಪನನ್ನೂ ಕೇಳದೆಯೇ ಬಂದದ್ದು, ಅವರು ಕಳುಹಿಸಿದ್ದಲ್ಲ, ಅವರ ಮೂಲಕ ಹಾದುಬಂದದ್ದು ಮಾತ್ರ ಎಂದು ಮೊಹರು ಹಾಕಿ ದೃಢೀಕರಿಸಿದ ಪತ್ರವೊಂದನ್ನು ತುರ್ತಾಗಿ ದಯಪಾಲಿಸಬೇಕು.

ಇಂತಿ, ಬಿದ್ದರೂ ತಮ್ಮ ವಿಶ್ವಾಸಿ,
ಧಡಾರ್

ಅಡಕಗಳು:
೧. ತುದಿ ಸವೆದ ಚಪ್ಪಲಿ, ನನ್ನದು.
೨. ತುದಿ ಸವೆದ ಚಪ್ಪಲಿ, ಅಪ್ಪನದು (ಅವರಿಗೆ ತಿಳಿಯದಂತೆ ತಂದದ್ದು, ಬೇಗ ಹಿಂತಿರುಗಿಸಿ).
೩. ಚಿಕ್ಕಪ್ಪ (ಹಿಂತಿರುಗಿಸಬೇಕಾಗಿಲ್ಲ).

ವಿ.ಸೂ.: ದೃಢೀಕರಣ ಪತ್ರವನ್ನು ಅಪ್ಪನ ಕೈಗೇ ಕೊಡತಕ್ಕದ್ದು. ನಾನು ಹೇಳಿ ನೋಡಿದೆ, ಮಗಳಲ್ಲವೇ ಎಂದು ನಂಬಲಿಲ್ಲ.