ಮೂಲೆಯ ಮೂಟೆ

ಸಿಇಟಿಯಲ್ಲಿ ನಯನಾಳಿಗೆ ಒಳ್ಳೆಯ ರ‍್ಯಾಂಕು ಬಂದದ್ದೇ ತಪ್ಪಾಯಿತು. ಕೆಟ್ಟ ರ‍್ಯಾಂಕು ಬಂದಿದ್ದರೆ ಗುಂಡ್ಲುಪೇಟೆಯಲ್ಲಿ ಯಾರೂ ಅವಳ ತಂಟೆಗೆ ಬರುತ್ತಿರಲಿಲ್ಲ. ಬಿ.ಎಸ್ಸಿ. ಅಗ್ರಿಗೆ ಹಾಸನದಲ್ಲೂ ಸೀಟು ಸಿಗುತ್ತದೆ, ಚಾಮರಾಜನಗರದಲ್ಲೂ ಸಿಗುತ್ತದೆ, ಯಾವುದನ್ನು ಮೊದಲು ಬರೆಯುತ್ತೀಯೋ ಅದೇ ನಿನ್ನದು ಎಂದು ಅವಳ ಲೆಕ್ಚರರ್ ಹೇಳಿದ್ದೇ ತಡ, ಮನೆ ಎರಡು ಪಕ್ಷವಾಯಿತು. ಒಂದು ಪಕ್ಷದಲ್ಲಿ ನಯನಾ. ಇನ್ನೊಂದರಲ್ಲಿ ಉಳಿದವರೆಲ್ಲ.

ಹಾಸನದಲ್ಲಿ ಹಾಸ್ಟೆಲ್ ಇತ್ತು. ಚಾಮರಾಜನಗರದಲ್ಲಿ ಅಪ್ಪನ ಅಕ್ಕ ಗುರುಸಿದ್ದಮ್ಮ ಇದ್ದಳು. ಅವಳ ಮನೆಯಲ್ಲಿ ಅವಳ ಮಗ ಮೃತ್ಯುಂಜಯನಿದ್ದ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡು, ನೀರಿಲ್ಲದ ಬೋರ್‌ವೆಲ್ಲಿನ ಮೋಟರಿನಂತೆ ಗುರ್ ಎನ್ನುತ್ತ ಮಾತಾಡುವವನು. ನಯನಾ ಐದನೇ ಕ್ಲಾಸಿನಲ್ಲಿದ್ದಾಗಿನಿಂದಲೂ ಅತ್ತೆ ಅವಳನ್ನು "ಸೊಸೆ" ಎಂದೇ ಕರೆಯುತ್ತಿದ್ದಳು. ಆ ಮನೆಯಲ್ಲಿ ನಾಲ್ಕು ವರ್ಷ ಇದ್ದರೆ ಕೈಗೆ ಡಿಗ್ರಿ ಬರುವಷ್ಟರಲ್ಲಿ ಕೊರಳಿಗೆ ತಾಳಿ ಬಂದಿರುತ್ತದೆ. ಇದನ್ನು ಹೇಳುವುದಕ್ಕೆ ಲೆಕ್ಚರರ್ ಬೇಕಿರಲಿಲ್ಲ.

ಕಾಲೇಜುಗಳನ್ನು ಬೇಕಾದ ಕ್ರಮದಲ್ಲಿ ಬರೆಯುವ ಆಪ್ಷನ್ ಎಂಟ್ರಿಗೆ ಅಂದೇ ಕೊನೆಯ ದಿನ. ಸಂಜೆ ಆರಕ್ಕೆ ಸೈಟು ಮುಚ್ಚುತ್ತದೆ; ಅಲ್ಲಿಯವರೆಗೆ ಪಟ್ಟಿಯನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಒಬ್ಬಳೇ ಹೋಗಿ ಮುಗಿಸಿ ಬರೋಣವೆಂದರೆ ಓಟಿಪಿ ಬರುವುದು ಅಪ್ಪನ ಫೋನಿಗೆ. ಅಪ್ಪ ಚಿಕ್ಕಮಲ್ಲಪ್ಪ ಈರುಳ್ಳಿ ಮಂಡಿಯಲ್ಲಿ. ಹೀಗಾಗಿ ಓಟಿಪಿಯ ಜೊತೆ ಅಪ್ಪನೂ ಬಂದ. ಅಪ್ಪನ ಜೊತೆ, ಯಾರೂ ಕರೆಯದಿದ್ದರೂ, ಮಂಡಿಯ ಪಾಲುದಾರ ದೊಡ್ಡಯ್ಯನೂ ಬಂದ.

ದೇವರಾಜುವಿನ ಸೈಬರ್ ಅಂಗಡಿಯ ಮುಂದೆ ಜನ, ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಬೆಳಗಿನ ಲಾರಿಗಳಂತೆ ಸಾಲುಗಟ್ಟಿದ್ದರು. ಎರಡು ಸಲ ಕರೆಂಟು ಹೋಗಿ, ಮೂರು ಸಲ ಸರ್ವರ್ ನಿಂತು, ಇವರ ಸರದಿ ಬಂದಾಗ ಹನ್ನೆರಡಾಗಿತ್ತು.

"ಎಸ್ಟು ಕಾಲೇಜು ಬರೀಬೌದ್ಲಾ?" ದೊಡ್ಡಯ್ಯ ಕೇಳಿದ.

"ಎಸ್ಟಾದ್ರೂ ಬರೀಬೌದು ಕಣಣ್ಣ," ಎಂದ ದೇವರಾಜು.

"ಅಂಗಿದ್ರೆ ಎಲ್ಲಾನೂವೆ ಬರಿ. ಪುಕ್ಸಟ್ಟೆ ಸಿಕ್ಕೋದ ಯಾಕ್ ಬುಡಬೇಕು?"

ಪಟ್ಟಿಯಲ್ಲಿ ಹಾಸನ, ಚಾಮರಾಜನಗರಗಳ ಜೊತೆಗೆ ದೊಡ್ಡಯ್ಯ ಎಂದೋ ಈರುಳ್ಳಿ ಲೋಡು ಕಳಿಸಿದ್ದ ಊರುಗಳೆಲ್ಲ ಬಂದು ಕೂತವು. ಮೀನುಗಾರಿಕೆಯೂ ಸೇರಿತು. ನಯನಾಳಿಗೆ ಮೀನಿನ ವಾಸನೆ ಬಂದರೇ ತಲೆನೋವು.

"ಈಗ ಮೊದಲನೇದು ಯಾವ್ದು?" ದೇವರಾಜು ಕೇಳಿದ.

"ಹಾಸನ," ಎಂದಳು ನಯನಾ, ಜಗಳಕ್ಕೆ ಸೊಂಟ ಕಟ್ಟಿ.

"ಹಾಕು ಹಾಸನವ. ಚಾಮರಾಜನಗರವ ಕಟ್ಟಕಡೇಲಿ ಮಡಗು," ಎಂದ ಚಿಕ್ಕಮಲ್ಲಪ್ಪ.

ನಯನಾಳಿಗೆ ಕಿವಿ ಕೆಟ್ಟಿತೇ ಎನಿಸಿತು.

"ಏನಮ್ಮಿ ಅಂಗ್ ನೋಡೀಯೆ? ಮಂಡೀಲಿ ನಾನು ಮಾಲು ಕೊಳ್ಳೋದ ನೋಡಿಲ್ವಾ? ಬೇಕಾದ ಮೂಟೆ ಕಡೀಕೆ ತಿರುಗೂ ನೋಡಲ್ಲ ನಾನು. ಬ್ಯಾಡ್ದಿರೋದ್ನೆಲ್ಲ ಮೊದ್ಲು ಕೇಳ್ಬೇಕು. ಕೊನೇಲಿ ಎದ್ದು ಓಗುವಾಗ, 'ಅದೇನ್ಲಾ ಮೂಲೇಲಿರ ಮೂಟೆ' ಅನ್ಬೇಕು. ಅವ್ನೇ ತಂದು ಕೈಗೆ ಕೊಡ್ತಾನೆ."

"ಅಣ್ಣ, ಇದು ಕಂಪ್ಯೂಟ್ರು," ಎಂದ ದೇವರಾಜು. "ಮೇಲಿಂದ ನೋಡ್ಕಂಡ್ ಬತ್ತದೆ. ಮೊದ್ಲು ಸಿಕ್ಕಿದ್ದ ಕೊಟ್ಬುಟ್ಟು ಅಲ್ಲೇ ನಿಂತ್ಕತದೆ."

"ಅಂಗಂತ ಅವ್ರು ಯೋಳ್ತಾರೆ. ಕೇರಳದ ಯಾಪಾರದೋರೂ 'ಬೇಕಾದ್ದ ಬಾಯ್ಬುಟ್ಟು ಯೋಳಿ ಚೇಟ್ಟಾ' ಅಂತಾರೆ. ಯೋಳುದ್ರೆ ಕೆಟ್ಟೆ."

ಹದಿನೆಂಟು ವರ್ಷದ ಅಭ್ಯಾಸಬಲದಿಂದ ವಾದಿಸಲು ನಯನಾ ಬಾಯಿ ತೆರೆದಳು. ತೆರೆದ ಬಾಯನ್ನು ಹಾಗೇ ಮುಚ್ಚಿದಳು. ಅಪ್ಪನಿಗೆ ಬೇಕಾದದ್ದು ಕೊನೆಗೆ ಹೋದರೆ, ಅವಳಿಗೆ ಬೇಕಾದದ್ದು ಮೊದಲಿಗೆ ಬರುತ್ತದೆ!

"ಅಪ್ಪ ಹೇಳೋದೇ ಸರಿ ದೇವರಾಜಣ್ಣ," ಎಂದಳು.

ಈ ಹುಡುಗಿಗೆ ಈ ರ‍್ಯಾಂಕು ಹೇಗೆ ಬಂತು ಎಂಬಂತೆ ದೇವರಾಜು ಅವಳನ್ನೊಮ್ಮೆ ನೋಡಿ, ಹಿಂದಿನ ಸಾಲನ್ನೊಮ್ಮೆ ನೋಡಿ, ಟೈಪ್ ಮಾಡತೊಡಗಿದ.

ಆಗಲೇ ಬಾಗಿಲಲ್ಲಿ ಅತ್ತೆಯ ದನಿ ಕೇಳಿಸಿದ್ದು. ಬಸ್ಸಿಳಿದವಳು ಮನೆಗೂ ಹೋಗದೆ ಬ್ಯಾಗಿನ ಸಮೇತ ನೇರ ಇಲ್ಲಿಗೇ ಬಂದಿದ್ದಳು.

"ಚಿಕ್ಕಮಲ್ಲ, ನಮ್ಮೂರ ಮೇಲಕ್ ಹಾಕ್ಸು. ಮೇಲ್ಗಡೆ ಬರ್ದದ್ದೇ ಸಿಕ್ಕೋದಂತೆ. ನಮ್ ಮೃತ್ಯುಂಜಯ ಮೊಬೈಲಲ್ಲಿ ನೋಡವ್ನೆ."

ನಯನಾಳ ಪುಣ್ಯಕ್ಕೆ ಅಪ್ಪನ ಮರ್ಯಾದೆ ಅಡ್ಡ ಬಂತು.

"ಮೂವತ್ತೊರ್ಸ ಯಾಪಾರ ಮಾಡ್ದೋನು ನಾನಾ, ನಿನ್ ಮಗ್ನಾ? ಅವ್ನು ಪಂಪ್ ಬಿಚ್ಚಿ ಜೋಡ್ಸುದ್ರೆ ಮೂರು ನಟ್ಟು ಮಿಕ್ತವೆ!"

"ಏಳೂ ಮಿಕ್ಕವೆ ಒಂದ್ಸಲ," ಎಂದ ದೊಡ್ಡಯ್ಯ. ಅದು ಅವನ ತೋಟದ ಪಂಪು.

ಅತ್ತೆಯ ಕಣ್ಣು ನಯನಾಳ ಮುಖದ ಮೇಲೆ ನಿಂತಿತು. "ಅಲ್ಲ ಕಣ ಚಿಕ್ಕಮಲ್ಲ, ಇವ್ಳು ಯಾಕ್ ನಗ್ತಾವ್ಳೆ?"

ನಗು ತುಟಿಯಿಂದ ಇಳಿಯುವುದಕ್ಕೆ ಒಂದೇ ದಾರಿ ಉಳಿದಿತ್ತು. ನಯನಾ ದುಪಟ್ಟಾ ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು. "ಹಾಸನವ ಮೊದ್ಲಿಗೆ ಹಾಕ್ಸಿ ಕೈ ತಪ್ಪುಸ್ಬುಟ್ರಲ್ಲಪ್ಪ! ನನ್ ಆಸೆ ಯಾರಿಗೂ ಬ್ಯಾಡ್ವಲ್ಲಪ್ಪ!" ಮೊದಲೆರಡು ಹನಿಗೆ ಕಷ್ಟವಾಯಿತು. ಆಮೇಲೆ ಅಳು ತೂಬು ಎತ್ತಿದ ಕೆರೆಯಂತೆ ಹರಿಯಿತು. ಸಾಲಿನಲ್ಲಿದ್ದ ಯಾರದೋ ತಾಯಿ ಕರ್ಚೀಫು ಕೊಟ್ಟಳು. ದೊಡ್ಡಯ್ಯನ ಮೂಗೂ ಕೆಂಪಾಯಿತು.

"ಅಳ್ಬ್ಯಾಡ ಸುಮ್ಕಿರು ಸೊಸೆ," ಎಂದಳು ಅತ್ತೆ, ಪೂರ್ತಿ ಸಮಾಧಾನವಾಗಿ. ಓಟಿಪಿ ಬಂತು. ದೇವರಾಜು ಸಬ್ಮಿಟ್ ಒತ್ತಿದ. ಅತ್ತೆ ಮುಂದಿನ ಬಸ್ಸಿಗೇ ಚಾಮರಾಜನಗರಕ್ಕೆ ಹೊರಟುಹೋದಳು.

ಮನೆಗೆ ಬಂದ ನಯನಾ ಎರಡು ಮುದ್ದೆ ಉಂಡಳು. ಅಪ್ಪ ಒಂದನ್ನೂ ಪೂರ್ತಿ ಮಾಡದೆ ಕೈ ತೊಳೆದ. ನಾಲ್ಕು ಗಂಟೆಗೆ "ಮಂಡೀಗೆ ಓಗ್ಬುಟ್ ಬತ್ತೀನಿ" ಎಂದು ಚಪ್ಪಲಿ ಮೆಟ್ಟಿದ. ಅವಳು ಹಾಸ್ಟೆಲ್ಲಿಗೆ ಯಾವ ಬಕೆಟ್ಟು ಒಯ್ಯಬೇಕೆಂದು ಯೋಚಿಸುತ್ತ ಗಡಿಯಾರ ನೋಡಿದಳು. ಐದು. ಐದೂವರೆ. ಆರು. ಮುಗಿಯಿತು! ಇನ್ನು ಬ್ರಹ್ಮ ಬಂದರೂ ಪಟ್ಟಿ ಅಲುಗುವುದಿಲ್ಲ.

ಆರೂಹತ್ತಕ್ಕೆ ಅಪ್ಪ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದ. ಅವಳ ಪಕ್ಕ ಕೂತು ತಲೆ ಸವರಿದ.

"ನೀನು ಅತ್ತುದ್ದು ಎದೇಲೆ ಕೂತ್ಬುಡ್ತು ಕಣಮ್ಮಿ. ಅನ್ನ ಇಳೀನಿಲ್ಲ ನಂಗೆ. ಅಕ್ಕ ಏನಾರ ಅನ್ಕಳ್ಲಿ ಅಂತ ದೇವರಾಜು ತಾವ್ಕೆ ಓದೆ. ಚಾಮರಾಜನಗರವ ಎತ್ತಿ ಎಲ್ಲಾರ್ಗಿಂತ ಮೇಲಕ್ ಹಾಕ್ಸಿ, ನಿನ್ ಹಾಸನವ ಕಟ್ಟಕಡೇಲಿ ಮಡಗುಸ್ಬುಟ್ಟೆ. 'ಗ್ಯಾರಂಟಿನಾ ಅಣ್ಣ?' ಅಂತ ಮೂರ್ ಸಲ ಕೇಳ್ದ ಅವ್ನು. ಒತ್ತು ಅಂದೆ. ಆರಕ್ಕೆ ಇನ್ನೂ ಎರಡೇ ನಿಮ್ಸ ಇತ್ತು, ಗೊತ್ತಾ!"

ಈ ಸಲ ನಯನಾ ಕಣ್ಣೀರಿಗೆ ಕಷ್ಟಪಡಬೇಕಾಗಲಿಲ್ಲ.

"ನೋಡು, ಸಂತೋಸಕ್ಕೂ ಅಳ್ತಾಳೆ ನನ್ ಮಗ್ಳು," ಎಂದು ಅವಳ ಬಾಯಿಗೆ ಮೈಸೂರುಪಾಕು ತುರುಕಿದ ಚಿಕ್ಕಮಲ್ಲಪ್ಪ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತೆ.

"ಊ ಕಣಕ್ಕ, ಯೋಚ್ನೆನೇ ಮಾಡ್ಬ್ಯಾಡ," ಎಂದ ಅಪ್ಪ, ಮಗಳತ್ತ ತಿರುಗಿ ಕಣ್ಣು ಮಿಟುಕಿಸುತ್ತ. "ನಿನ್ ಮನೇಗೇ ಬತ್ತಾಳೆ. ಮಂಚ ರೆಡಿ ಮಾಡ್ಸು."