ಮಾವ ಹುಟ್ಟಿಸಿದ ಜನ

ನನ್ನ ಸೋದರಮಾವನಿಗೆ ಮದುವೆಯಾಗಿಲ್ಲ. ಆದರೆ ಠಾಣೆಯಿಂದ ಕಾಮೋಠೆಯವರೆಗೆ ಅವನು ಹುಟ್ಟಿಸಿದ ಮಕ್ಕಳು ಲಕ್ಷಗಟ್ಟಲೆ! ಗಾಬರಿಯಾಗಬೇಡಿ, ಎಲ್ಲವೂ ಕಂಪ್ಯೂಟರಿನಲ್ಲೇ.

ನಗರ ಯೋಜನೆಯ ಕಂಪನಿಯೊಂದರಲ್ಲಿ ಅವನ ಕೆಲಸ. ಒಂದು ವಾರ್ಡಿನಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಮನೆಗಳೆಷ್ಟು ಎಂಬ ಮೊತ್ತವನ್ನಷ್ಟೇ ಸರಕಾರ ಕೊಡುತ್ತದಂತೆ. ಯಾವ ಮನೆಯಲ್ಲಿ ಯಾರು ಎಂಬುದು ಗುಟ್ಟಂತೆ. ಆ ಮೊತ್ತಕ್ಕೆ ಸರಿಹೊಂದುವಂತೆ ಮಾವ ಸುಳ್ಳು ಸಂಸಾರಗಳನ್ನು ಕಟ್ಟುತ್ತಾನೆ. ಎಲ್ಲಿಗೆ ಬಸ್ಸು ಬೇಕು, ಎಲ್ಲಿ ಶಾಲೆ ಬೇಕು ಎಂದು ಆ ಸುಳ್ಳು ಜನ ಹೇಳುತ್ತಾರೆ. ನಿಜವಾದ ಜನರನ್ನೇ ಕೇಳಿದರಾಗದೇ? ಛೇ, ಅದಕ್ಕೆ ಮನೆಯಿಂದ ಹೊರಗೆ ಕಾಲಿಡಬೇಕಲ್ಲ!

ಡೊಂಬಿವಲಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಅಜ್ಜನಿಗೆ ಇದು ಜೀರ್ಣವೇ ಆಗಲಿಲ್ಲ. "ಅಷ್ಟು ಜನ ಉಂಟಲ್ಲ, ಒಬ್ಬನಾದ್ರೂ ಬಂದು ದೋಸೆ ತಿಂತಾನಾ ಮಾರಾಯ?"

"ಇಲ್ಲ ಅಪ್ಪಾ."

"ಹಾಗಾದ್ರೆ ಹೋಗಿ ಚಟ್ನಿ ಬಡಿಸು!"

ಬಡಿಸಿದ. ಗಿರಾಕಿಯ ಅಂಗಿಯ ಮೇಲೆ!

ನನ್ನ ನಿಶ್ಚಿತಾರ್ಥದ ಊಟದಲ್ಲಿ ಪಾಯಸ ಬರುವ ಹೊತ್ತಿಗೆ ಎದ್ದುಬಿಟ್ಟ. "ಎಂತ ಆಯ್ತು ಮಾವ?"

"ಅಂಬರನಾಥದಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಇಬ್ಬರು ಮಕ್ಕಳಾಗಿದ್ದಾರೆ. ಅವನ ಮದುವೆ ಮುರಿದು ಬರ್ತೇನೆ."

ಈ ಮಾತು ಬೀಗರ ಮುಂದೆ! ಅವರನ್ನು ಸಮಾಧಾನಪಡಿಸುವಷ್ಟರಲ್ಲಿ ಪಾಯಸ ತಣ್ಣಗಾಗಿತ್ತು.

ನನ್ನ ಮದುವೆಯಾದ ಮೇಲೆ ಅಮ್ಮ, ಅಂದರೆ ಅವನ ಅಕ್ಕ, ಕಾಮೋಠೆಯಲ್ಲಿ ನಮ್ಮ ಜೊತೆಗಿದ್ದಾಳೆ. ಡಯಾಲಿಸಿಸ್‌ಗೆ ಹೋಗಬೇಕು, ನಮ್ಮ ಗಲ್ಲಿಗೆ ರಿಕ್ಷಾದವರು ಬರುವುದಿಲ್ಲ. ಮುಖ್ಯರಸ್ತೆಯವರೆಗೆ ಕಾಂಪೌಂಡು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಕಾಯಿಲೆಯ ಸುದ್ದಿ ಯಾರಿಗೂ ತಿಳಿಯಕೂಡದೆಂದು ನನ್ನಿಂದಲೂ ಮಾವನಿಂದಲೂ ಆಗ ಆಣೆ ಮಾಡಿಸಿದ್ದಳು. ಈಗ ಕೇಳಿದವರಿಗೆಲ್ಲ ತಾನೇ ಹೇಳುತ್ತಾಳೆ, ಆ ಮಾತು ಬೇರೆ.

ಹೊಸ ಬಸ್‌ಸ್ಟಾಪ್ ನಮ್ಮ ಗಲ್ಲಿಯ ತುದಿಗೋ ಬೇರೆಡೆಗೋ ಎಂದು ತೀರ್ಮಾನಿಸುವ ಸಭೆ ಸೇರಿತು. ನಕ್ಷೆ ಹಿಡಿದು ಬಂದವನು ಮಾವನೇ! ನಾನು ಹಿಂದಿನ ಸಾಲಿನಲ್ಲಿದ್ದೆ.

"ಆ ಗಲ್ಲಿಯಲ್ಲಿ ಬಸ್ಸು ಯಾರಿಗೆ ಬೇಕು?" ಎಂದರು ಅಧಿಕಾರಿ.

ಹೇಳು ಮಾವಾ, ನಿನ್ನ ಒಡಹುಟ್ಟಿದವಳ ಹೆಸರು ಹೇಳು! ಅವನೋ, ಕನ್ನಡಕ ಒರೆಸುತ್ತ, ತಾನು ಕಟ್ಟಿದ ಹೆಂಗಸೊಬ್ಬಳ ಕಥೆ ತೆಗೆದ: "ವಯಸ್ಸಾಗಿದೆ. ಆಸ್ಪತ್ರೆಗೆ ಹೋಗಲೇಬೇಕು, ನಡೆಯಲಾಗುವುದಿಲ್ಲ. ಲೆಕ್ಕದ ಪ್ರಕಾರ ಇಂಥವರು ಅಲ್ಲಿ ಇದ್ದೇ ಇರುತ್ತಾರೆ ಸಾಹೇಬ್."

"ಅವಳ ಹೆಸರು?"

"ಹೆಸರಿಲ್ಲ. ನಾನೇ ಮಾಡಿದ್ದು."

ಸಭೆ ಗೊಳ್ಳೆಂದು ನಕ್ಕಿತು. ಹೊರಗೆ ಮೆಟ್ಟಿಲ ಮೇಲೆ ಅವನನ್ನು ಹಿಡಿದುಕೊಂಡೆ. "ಅಮ್ಮನ ಹೆಸರು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅಕ್ಕ ಬೇಡ ಅಂದಿದ್ದಾಳಲ್ಲ. ನಾನು ಮಾಡಿದ ಹೆಂಗಸನ್ನು ನೋಡಿ ನಗಲಿ ಬಿಡು, ಅವಳಿಗೆ ಎಂತ ಬೇಜಾರಿಲ್ಲ."

ಅವನ ಕೈಯಲ್ಲಿದ್ದ ನಕ್ಷೆಯನ್ನು ತೆಗೆದುಕೊಂಡು ಅವನ ಜೊತೆಗೇ ಮೆಟ್ಟಿಲಿಳಿದೆ.

ನಕ್ಕವರೇ ಕೊನೆಗೆ ಅವನ ಲೆಕ್ಕವನ್ನು ಒಪ್ಪಿದರು. ಸ್ಟಾಪ್ ಬಂತು. ಅಲ್ಲಿನ ಬೆಂಚಿನ ಮೇಲೆ ಮೊದಲ ಸಲ ಕೂತ ದಿನ ಅಮ್ಮ ಜೊತೆಗೆ ಬಂದಿದ್ದ ಮಾವನನ್ನು ಕೇಳಿದಳು: "ಯಾವ ಪುಣ್ಯಾತ್ಗಿತ್ತಿಗೋಸ್ಕರ ಇದನ್ನು ಇಲ್ಲಿ ಹಾಕಿದ್ರೋ ಮಾರಾಯ!"

"ಒಬ್ಳು ಇದ್ದಾಳೆ ಅಕ್ಕ. ನಾನೇ ಮಾಡಿದ್ದು."

"ಅಂತೂ ನಿನ್ನ ಜನರಲ್ಲಿ ಒಬ್ಳಾದ್ರೂ ಉಪಯೋಗಕ್ಕೆ ಬಂದ್ಳಲ್ಲ!" ಎಂದು ಅಮ್ಮ ನಕ್ಕಳು.

ಮಾವ ಅವಳ ಕೈಹಿಡಿದು ಬಸ್ಸು ಹತ್ತಿಸಿದ.