ನನ್ನ ಭಾಷಣ ಮತ್ತು ಎತ್ತಿನ ದಲ್ಲಾಳಿ

ನಾಲ್ಕು ಜನರ ಮುಂದೆ ನಿಂತು ನಾನು ಬಾಯಿ ತೆರೆದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಮೊದಮೊದಲು ಗ್ರಹಚಾರ ಅಂದುಕೊಂಡಿದ್ದೆ. ಪಾಪ, ಗ್ರಹಗಳಿಗೂ ಬೇರೆ ಕೆಲಸ ಇರುತ್ತಲ್ಲ. ತಪ್ಪೆಲ್ಲ ಈ ಬಾಯಿಯದೇ ಅಂತ ಆಮೇಲೆ ಖಾತ್ರಿಯಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ತೆಂಗಿನ ತೋಟಗಳಿಗೆ ಹನಿ ನೀರಾವರಿ ಪೈಪು ಮಾರುವ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ತಿಪಟೂರಿನಲ್ಲಿದ್ದುಕೊಂಡು ಸುತ್ತಲ ಹಳ್ಳಿಗಳಿಗೆ ಹೋಗಿ, ರೈತರನ್ನು ಸೇರಿಸಿ, ಭಾಷಣ ಮಾಡಿ ಒಪ್ಪಿಸಬೇಕು. ಒಂದು ವರ್ಷ ಹಂಗಾಮಿ. ಕೊನೆಗೆ ದೊಡ್ಡ ಸಾಹೇಬರು ಬಂದು ನನ್ನ ಭಾಷಣ ಕೇಳುತ್ತಾರೆ. ಮೆಚ್ಚಿದರೆ ಖಾಯಂ, ಇಲ್ಲದಿದ್ದರೆ ಮನೆಗೆ.

ಇದರ ಮೇಲೆ ನನ್ನ ಮದುವೆ ಬೇರೆ ನಿಂತಿತ್ತು. ತುರುವೇಕೆರೆ ಕಡೆ ಹೆಣ್ಣು ನೋಡಲು ಹೋಗಿದ್ದಾಗ ಹುಡುಗಿ ಕಾಫಿ ಲೋಟ ಇಟ್ಟು ನೇರವಾಗಿ ಕೇಳಿದಳು, "ನಿಮ್ದು ಏನ್ ಕೆಲ್ಸ?"

"ಭಾಷಣ ಮಾಡೋದು."

"ಎಲ್ಲಿ, ಒಸಿ ಮಾಡಿ ನೋಡಾನ."

ನಾನು ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತ ಕೂತೆ. ಅವಳು ನಕ್ಕಳು. ಮದುವೆ ಅಂತಾದರೆ ಇವಳನ್ನೇ ಅಂತ ನನಗೆ ಅಲ್ಲೇ ಅನ್ನಿಸಿಬಿಟ್ಟಿತು. ಅವಳಪ್ಪ ಮಾತ್ರ ಎಲೆ ಅಡಿಕೆ ಮೆಲ್ಲುತ್ತ, "ಮೊದ್ಲು ಕೆಲ್ಸ ಖಾಯಂ ಆಗ್ಲಿ ಕಣಪ್ಪ. ತಾಂಬೂಲ ಎಲ್ಲಿಗೂ ಓಡೋಗಲ್ಲ" ಅಂದರು.

ನನ್ನ ಅವಸ್ಥೆ ನೋಡಲಾಗದೆ ಕಂಪನಿಯವರು ತರಬೇತಿಗೆ ಬೆಂಗಳೂರಿಗೆ ಕಳಿಸಿದರು. ಟೈ ಕಟ್ಟಿದ ಮೇಷ್ಟ್ರು ಒಬ್ಬರು, "ಬಾಯಿಗಿಂತ ಮೈ ಜಾಸ್ತಿ ಮಾತಾಡಬೇಕು" ಅಂತ ಹೇಳಿಕೊಟ್ಟರು. ಕೇಳುವವರ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಮುಖ್ಯವಾದ ಮಾತು ಆಡಿ ಸ್ವಲ್ಪ ನಿಲ್ಲಿಸಿ, ಕೈ ಬಳಸಿ, ವೇದಿಕೆ ಮೇಲೆ ಓಡಾಡಿ. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದೆ. ನಾನು ಪೂರ್ತಿ ಕೆಟ್ಟಿದ್ದೇ ಅಲ್ಲಿಂದ.

ಕಣ್ಣಲ್ಲಿ ಕಣ್ಣಿಟ್ಟು

ಮೊದಲ ಪ್ರಯೋಗ ಹುಳಿಯಾರು ಹತ್ತಿರದ ಒಂದು ಹಳ್ಳಿಯಲ್ಲಿ, ದೇವಸ್ಥಾನದ ಜಗುಲಿ ಮೇಲೆ. ಬಲಗಡೆ ಕೂತಿದ್ದ ಒಬ್ಬ ಅಜ್ಜನ ಕಣ್ಣಿಗೆ ಕಣ್ಣು ಕೊಟ್ಟು ಶುರು ಮಾಡಿದೆ. ನಮ್ಮ ಕಡೆ ಯಾರಾದರೂ ಮುಖ ನೋಡಿ ಮಾತಾಡಿದರೆ ಹೂಂಗುಟ್ಟಬೇಕು, ಇಲ್ಲದಿದ್ದರೆ ದುರಹಂಕಾರಿ ಅಂತಾರೆ. ಅಜ್ಜ ಶುರು ಹಚ್ಚಿಕೊಂಡ.

"ನೀರು ಕಮ್ಮಿಯಾಗಿದೆ."

"ಹೂಂ."

"ಬೋರ್‌ವೆಲ್ ಬತ್ತುತ್ತಿವೆ."

"ಹೂಂ ಹೂಂ."

ಒಬ್ಬನಾದರೂ ಕೇಳುತ್ತಿದ್ದಾನಲ್ಲ ಅಂತ ನನಗೂ ಹುರುಪು ಬಂತು. ಆಮೇಲೆ ಪಾಠದ ಪ್ರಕಾರ ಕಣ್ಣನ್ನು ಎಡಗಡೆಯವರ ಮೇಲೆ ಹೊರಳಿಸಿದೆ. ಅಜ್ಜ ಎದ್ದು ನಿಂತ.

"ಅಲ್ಲ ಕಣಪ್ಪ, ಇಷ್ಟೊತ್ತು ಹೂಂಗುಟ್ಟಿದ್ದು ನಾನು. ಈಗ ಅವ್ರ ಕಡೆ ಯಾಕ್ ತಿರುಕ್ಕಂಡೆ?"

ಎಡಗಡೆ ಕೂತಿದ್ದವರು ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಅಜ್ಜನ ಮಗನನ್ನು ಸೋಲಿಸಿದ ಪಾರ್ಟಿಯಂತೆ. ನನಗೇನು ಕನಸು ಬಿದ್ದಿತ್ತೇ? ಅವರು, "ನಿಮ್ ಕಡೆ ನೋಡಿದ್ದು ಸಾಕು ಬುಡು, ಈಗ ನಮ್ ಸರದಿ" ಅಂದರು. ಮಾತಿಗೆ ಮಾತು ಬೆಳೆದು ಪಂಚೆ ಎತ್ತಿ ಕಟ್ಟುವವರೆಗೂ ಹೋಯಿತು. ಜಗಳ ಬಿಡಿಸಿದ ಪೂಜಾರಪ್ಪ ನನ್ನನ್ನು ಕಂಬದ ಹಿಂದಕ್ಕೆ ಕರೆದು ಮೆಲ್ಲಗೆ ಹೇಳಿದರು, "ಇನ್ನೊಂದ್ಸಲ ಬರೋವಾಗ ಕರೀ ಕನ್ನಡಕ ಹಾಕ್ಕಂಡ್ ಬನ್ನಿ ಸಾರ್."

ಮಧ್ಯೆ ಸ್ವಲ್ಪ ಮೌನ

ಎರಡನೆಯದು ಚಿಕ್ಕನಾಯಕನಹಳ್ಳಿಯಲ್ಲಿ. ಸಭಾಂಗಣ, ಕುರ್ಚಿ, ಮೈಕು, ಎಲ್ಲ ವ್ಯವಸ್ಥೆ ಭರ್ಜರಿ. ಈ ಸಲ ಯಾರ ಮುಖವನ್ನೂ ನೋಡದೆ ಗೋಡೆ ಗಡಿಯಾರ ನೋಡಿಕೊಂಡು ಮಾತಾಡಿದೆ. "ನೀರು ಉಳಿದರೆ ತೆಂಗು, ತೆಂಗು ಉಳಿದರೆ ನಾವು" ಅಂತ ಹೇಳಿ, ಪಾಠದಂತೆ ನಿಲ್ಲಿಸಿ, ಸಣ್ಣಗೆ ನಗುತ್ತ ನಿಂತೆ. ಜನರ ಮನಸ್ಸಿಗೆ ಇಳಿಯಲಿ ಅಂತ.

ಇಳಿಯುವುದರೊಳಗೆ ವಂದನಾರ್ಪಣೆಗೆಂದು ತುದಿಗಾಲಲ್ಲಿ ಕಾಯುತ್ತಿದ್ದ ಆ ಊರಿನ ಸ್ಕೂಲ್ ಮೇಷ್ಟ್ರೊಬ್ಬರು ಹಾರಿ ಬಂದು ಮೈಕು ಹಿಡಿದರು. "ಚಿಕ್ಕದಾಗಿ ಚೊಕ್ಕವಾಗಿ ಮಾತನಾಡಿದ ಮಹನೀಯರಿಗೆ" ಅಂತ ಶುರುವಾಯಿತು. ನನ್ನ ಕೊರಳಿಗೆ ಹಾರ ಬಿತ್ತು. ಹಿಂದಿನ ಬಾಗಿಲಲ್ಲಿ ಖಾರಾಬಾತ್ ಹಂಚತೊಡಗಿದರು. ನಾನು ಹಾರ ಕಿತ್ತು ಮೈಕಿನ ಹತ್ತಿರ ಓಡುವಷ್ಟರಲ್ಲಿ ಮೈಕ್‌ಸೆಟ್ ಭಾಯಿ ವೈರು ಸುತ್ತುತ್ತಿದ್ದರು.

"ಭಾಯ್, ಪೈಪಿನ ವಿಷಯಾನೇ ಹೇಳಿಲ್ಲ ಕಣ್ರೀ."

"ಹೇಳ್ಬ್ಯಾಡಿ ಸಾರ್. ನಾನು ಮೈಕ್ ಹಾಕಿರೋ ಭಾಷಣದಾಗೆಲ್ಲ ಇದೇ ಬೆಸ್ಟು."

ಕನ್ನಡಿ ಮುಂದೆ

ಅವತ್ತು ಬಸ್ಸಿನಲ್ಲಿ ಕೂತು ನಿಜವಾಗಿ ಅಳು ಬಂತು. ವರ್ಷ ಮುಗಿಯುತ್ತ ಬಂದಿತ್ತು, ಒಬ್ಬನೂ ಪೈಪು ಹಾಕಿಸಿರಲಿಲ್ಲ. ಜೊತೆಗೆ ಒಬ್ಬ ಗೌರ್ಮೆಂಟ್ ಮೇಷ್ಟ್ರು ನನ್ನ ಹುಡುಗಿಯನ್ನು ನೋಡಿಕೊಂಡು ಹೋಗಿದ್ದಾನೆ ಅಂತ ಸುದ್ದಿ ಬೇರೆ ಬಂತು. ಇನ್ನು ಉಳಿದಿದ್ದು ಸಾಹೇಬರ ಮುಂದಿನ ಭಾಷಣ ಒಂದೇ. ಮನೆಯಲ್ಲಿ ಬೀರು ಕನ್ನಡಿ ಮುಂದೆ ನಿಂತು ಕೈ ಬೀಸಿ, ಹುಬ್ಬು ಹಾರಿಸಿ, ನಿಲ್ಲಿಸಿ, ನಕ್ಕು ಅಭ್ಯಾಸ ಮಾಡಿದೆ. ನಮ್ಮಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಾಳೆ. ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿದಳು.

"ಏನೂ ಆಗಿಲ್ಲ ಕಣಮ್ಮ, ಭಾಷಣ ಕಲೀತಾ ಇದೀನಿ" ಅಂದೆ.

"ಹೂಂ ಮಗ, ಹಿಡ್ಕಂಡಿರೋದು ಅದೇ. ಬುಡಿಸ್ತೀನಿ ಸುಮ್ನಿರು" ಅಂದು ಮೆಣಸಿನಕಾಯಿ ಒಲೆಗೆ ಹಾಕಿದಳು.

ಟವೆಲ್ಲು

ಸಾಹೇಬರು ಜೀಪಿನಲ್ಲಿ ಬಂದೇಬಿಟ್ಟರು. ತುರುವೇಕೆರೆ ಹತ್ತಿರದ ಒಂದು ತೋಟದಲ್ಲಿ ಹಲಗೆ ಹಾಕಿ ವೇದಿಕೆ ಮಾಡಿದ್ದೆವು. ಜನವೂ ಸೇರಿದ್ದರು. ನೋಡಿದರೆ, ಎದುರಿಗೇ ಹುಡುಗಿಯ ಅಪ್ಪ ಕೂತಿದ್ದಾರೆ.

ಅವರು ಎತ್ತಿನ ದಲ್ಲಾಳಿ ಅಂತ ಹೇಳಿದೆನೋ ಇಲ್ಲವೋ. ನಮ್ಮ ಕಡೆ ದನದ ಸಂತೆಯಲ್ಲಿ ಎತ್ತಿನ ಬೆಲೆ ಯಾರೂ ಬಾಯಲ್ಲಿ ಆಡುವುದಿಲ್ಲ. ಕೈ ಮೇಲೆ ಟವೆಲ್ ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ತಿಳಿಸುತ್ತಾರೆ. ಎರಡು ಬೆರಳು ಹಿಡಿದರೆ ಒಂದು ಬೆಲೆ, ಮೂರು ಹಿಡಿದರೆ ಇನ್ನೊಂದು. ಬೆರಳನ್ನು ಬಯಲಲ್ಲಿ ತೋರಿಸುವವನು ಅವರ ಲೆಕ್ಕದಲ್ಲಿ ಮಾನಗೆಟ್ಟವನು. ಅವತ್ತು ಮುಂದಿನ ಸಾಲಿನಲ್ಲಿ ಕೂತವರೆಲ್ಲ ಅದೇ ಕಸುಬಿನವರು.

ನಾನು ಕೈ ಎತ್ತಿ ಮೂರು ಬೆರಳು ಬಿಡಿಸಿ, "ಹನಿ ನೀರಾವರಿಯಿಂದ ಮೂರು ಲಾಭ" ಅಂದೆ. ಮುಂದಿನ ಸಾಲು ಗುಜುಗುಜು ಅಂತು. ಗಾಬರಿಯಲ್ಲಿ, "ಅಲ್ಲ, ಐದು" ಅಂತ ಪೂರ್ತಿ ಕೈ ಬಿಡಿಸಿದೆ.

"ನೋಡ್ಲಾ, ನಿಂತ ನಿಲುವಲ್ಲೇ ಐದಕ್ಕೆ ಏರಿಸ್ಬುಟ್ಟ" ಅಂತ ಯಾರೋ ಅಂದರು.

ಹುಡುಗಿಯ ಅಪ್ಪನಿಗೆ ತಡೆಯಲಾಗಲಿಲ್ಲ. ಸರಸರ ವೇದಿಕೆ ಹತ್ತಿ, ಹೆಗಲ ಮೇಲಿದ್ದ ಟವೆಲ್ಲನ್ನು ನನ್ನ ಕೈ ಮೇಲೆ ಹೊದಿಸಿ, ಒಳಗೆ ಕೈ ಹಾಕಿ ನನ್ನ ಬೆರಳು ಗಟ್ಟಿಯಾಗಿ ಹಿಡಿದುಕೊಂಡರು.

"ಬಯಲಾಗೆ ಹಿಂಗೆಲ್ಲ ಬೆರಳು ತೋರಿಸ್ಬಾರ್ದು ಕಣಪ್ಪ, ಮರ್ವಾದೆ ಹೋಯ್ತದೆ. ನೀನ್ ಮಾತಾಡು, ನಾನ್ ಹಿಡ್ಕಂಡಿರ್ತೀನಿ."

ಬಿಡಿಸಿಕೊಳ್ಳೋಣ ಅಂದರೆ ಎತ್ತಿನ ಮೂಗುದಾರ ಹಿಡಿದ ಕೈ, ಬಿಡುತ್ತದೆಯೇ? ಕೈ ಹೋಯಿತು, ಇನ್ನು ಪಾಠದಲ್ಲಿ ಉಳಿದಿದ್ದು ಓಡಾಟ. ನಾನು ಆ ತುದಿಗೆ ನಡೆದೆ, ಅವರೂ ನಡೆದರು. ಈ ತುದಿಗೆ ಬಂದೆ, ಅವರೂ ಬಂದರು. ಹಲಗೆ ಕಿರ್ರೆನ್ನುತ್ತಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ನಗಲೂ ಆಗದೆ ಅಳಲೂ ಆಗದೆ ಐದೂ ಲಾಭ ಹೇಳಿ ಮುಗಿಸಿದೆ.

ಸಾಹೇಬರು ಎದ್ದರು. "ನಾಳೆಯಿಂದ ಬರೋದು ಬೇಡ" ಅಂದು ಜೀಪು ಹತ್ತಿದರು.

ನಾನು ವೇದಿಕೆಯ ಅಂಚಿನಲ್ಲಿ ಕುಸಿದು ಕೂತೆ. ಬದುಕಿನಲ್ಲಿ ಬೇಕು ಅನ್ನಿಸಿದ್ದು ಎರಡೇ, ಎರಡೂ ಒಂದೇ ಮಧ್ಯಾಹ್ನ ಹೋದವು. ಟವೆಲ್ ಕೊಡವುತ್ತಿದ್ದ ಅವರಿಗೆ ಹೇಳಿದೆ, "ಕೆಲಸ ಹೋಯ್ತು ಯಜಮಾನ್ರೇ. ಆ ಮೇಷ್ಟ್ರಿಗೇ ಹುಡುಗೀನ ಕೊಟ್ಬಿಡಿ."

"ಅಯ್, ಆ ಮೇಷ್ಟ್ರು ಬಂದಾಗಿಂದ ಹೋಗಗಂಟ ಕುರ್ಚಿ ಬುಟ್ಟು ಏಳ್ಲಿಲ್ಲ. ನಡಿಗೆ ನೋಡಕ್ಕೇ ಆಗ್ಲಿಲ್ಲ. ನಿನ್ನ ಈಗ ಜೊತೆಗ್ ಹಾಕ್ಕಂಡು ನಡೆಸಿ ನೋಡ್ದೆ. ಹೆಜ್ಜೆ ಕೂಡ್ತದೆ. ಅಷ್ಟ್ ಜನ ನಕ್ರೂ ಬೆದರ್ಲಿಲ್ಲ, ಹಾಯಾಕ್ ಬರ್ಲಿಲ್ಲ. ನಮ್ ತೋಟದಾಗೆ ಬೇಕಾದಷ್ಟು ಕೆಲ್ಸ ಅದೆ. ತಾಂಬೂಲಕ್ಕೆ ದಿನ ನೋಡ್ಸಾನ."

ನನಗೆ ನಂಬಿಕೆಯೇ ಬರಲಿಲ್ಲ. "ಆದ್ರೆ ನನ್ ಭಾಷಣ ಕೇಳಿದ್ರಲ್ಲ..." ಅಂದೆ.

ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನನ್ನು ಕನಿಕರದಿಂದ ನೋಡಿದರು. "ಎತ್ತು ಕೊಳ್ಳೋವಾಗ ಯಾವನಾದ್ರೂ ಭಾಷಣ ಕೇಳಿ ಕೊಳ್ತಾನೇನಪ್ಪ?"